ತೊಂಬತ್ತಕ್ಕೆ ಕಾಲಿಟ್ಟ ಹೊತ್ತಲ್ಲಿ ಯಾವ ಹಾಡು ಕೇಳಿಸುತ್ತಿತ್ತು?

ಕಳೆದ ಸಂಚಿಕೆಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದ್ದೆ. ಒಂದು ದಶಕ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ, ತೋಟದಲ್ಲಿ, ಬಸ್ಸಿನಲ್ಲಿ ಯಾವ ಹಾಡು ಓಡುತ್ತಿತ್ತು ಅಂತ. ಕಾಫಿ ಕುಯ್ಲಿನ ಸಮಯ, ಯಾರಿಗೂ ಪುರುಸೊತ್ತಿಲ್ಲ, ನಾಲ್ಕೈದು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಆದರೆ ರಾಶಿ ಬಂತು. ಉತ್ತರ ಬರೆದವರಿಗಿಂತ ತಿರುಗಿ ಪ್ರಶ್ನೆ ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ದಶಕ ಶುರುವಾಗುವುದು 1990ಕ್ಕಾ, 1991ಕ್ಕಾ? ಮೊದಲು ಅದನ್ನು ತೀರ್ಮಾನ ಮಾಡಿ. (ಸೋಮವಾರಪೇಟೆಯ ನಿವೃತ್ತ ಮೇಷ್ಟ್ರು)

ಸೊನ್ನೆ ಅನ್ನುವ ಇಸವಿ ಇರಲಿಲ್ಲ, ಆದ್ದರಿಂದ ಲೆಕ್ಕದ ಪ್ರಕಾರ 1991 ಅಂತ ನೀವು ಹೇಳುತ್ತೀರಿ, ಅದು ಸರಿ. ಆದರೆ ನಮ್ಮ ಬಾಯಲ್ಲಿ ಬರುವುದು 'ಎಂಬತ್ತರ ದಶಕ', 'ತೊಂಬತ್ತರ ದಶಕ' ಅಂತ ಅಲ್ವಾ? ತೊಂಬತ್ತು ಅಂದ ಮೇಲೆ ಅದು 1990ಕ್ಕೇ ಶುರು. ಹಾಡಿನ ವಿಷಯಕ್ಕೆ ನಾನು ಇನ್ನೂ ಸ್ವಲ್ಪ ಸಡಿಲ ಬಿಡುತ್ತೇನೆ. ಮುಗಿಯುವ ವರ್ಷ, ಶುರುವಾಗುವ ವರ್ಷ, ಅದರ ಮುಂದಿನ ವರ್ಷ, ಮೂರನ್ನೂ ಸೇರಿಸಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಬಿಡುಗಡೆಯಾದ ಸಿನಿಮಾದ ಹಾಡು ನಮ್ಮ ಘಟ್ಟ ಹತ್ತಿ ಮನೆ ಮನೆ ಸೇರುವಷ್ಟರಲ್ಲಿ ಹೇಗೂ ಮಳೆಗಾಲ ಬಂದಿರುತ್ತಿತ್ತು.

ಆಗ ಯಾವ ಹಾಡು ಮೊದಲ ಸ್ಥಾನದಲ್ಲಿತ್ತು ಅಂತ ಪಟ್ಟಿ ಏನಾದರೂ ಇದೆಯಾ? ಇಂಟರ್ನೆಟ್‌ನಲ್ಲಿ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಮಡಿಕೇರಿಯ ಕಾಲೇಜು ವಿದ್ಯಾರ್ಥಿನಿ)

ಹಿಂದಿಗೆ ಇತ್ತು. 1952ರಲ್ಲಿ ಸಿಲೋನ್ ರೇಡಿಯೋದಲ್ಲಿ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಅಮೀನ್ ಸಯಾನಿ ವಾರವಾರ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಂಡು ಬರುತ್ತಿದ್ದರು, ವರ್ಷದ ಕೊನೆಗೆ ಇಡೀ ವರ್ಷದ ಪಟ್ಟಿ. ಕನ್ನಡದಲ್ಲಿ ಅಷ್ಟು ವರ್ಷ ಬಿಡದೆ ನಡೆದ, ಎಲ್ಲರೂ ಒಪ್ಪಿದ ಅಂಥ ಪಟ್ಟಿ ಇರಲಿಲ್ಲ. ಅದಕ್ಕೇ ಒಬ್ಬೊಬ್ಬರು ಒಂದೊಂದು ಹೇಳುವುದು.

ಹಾಗಾದರೆ ಹಿಟ್ ಅಂತ ಗೊತ್ತಾಗುತ್ತಿದ್ದದ್ದು ಹೇಗೆ? ಮದುವೆ ಮನೆಯ ಆರ್ಕೆಸ್ಟ್ರಾದವರು ಚೀಟಿ ಇಸ್ಕೊಳ್ಳುತ್ತಿದ್ದರು, ಒಂದೇ ಹಾಡಿಗೆ ಆರು ಚೀಟಿ ಬಂದರೆ ಅದು ಹಿಟ್. ರೇಡಿಯೋದ ಕೋರಿಕೆ ಕಾರ್ಯಕ್ರಮದಲ್ಲಿ ಹಾಡಿಗಿಂತ ಕೇಳಿದವರ ಹೆಸರಿನ ಪಟ್ಟಿಯೇ ಉದ್ದ ಇದ್ದರೆ ಅದು ಹಿಟ್. ಮಡಿಕೇರಿ ದಸರಾದ ರಾತ್ರಿ ಹತ್ತು ಮಂಟಪಗಳು ಹೊರಡುವಾಗ ದಾರಿಯುದ್ದಕ್ಕೂ ಎಷ್ಟು ಕಡೆ ಅದೇ ಹಾಡು ಕಿವಿಗೆ ಬಿತ್ತು ಅನ್ನುವುದೂ ಒಂದು ಅಳತೆ. ಇದೆಲ್ಲ ಯಾರೂ ಬರೆದಿಟ್ಟ ಲೆಕ್ಕ ಅಲ್ಲ. ಆದರೆ ಆ ಕಾಲದಲ್ಲಿ ಇದ್ದವರನ್ನು ಕೇಳಿದರೆ ಹೆಚ್ಚುಕಮ್ಮಿ ಅವೇ ಹತ್ತು ಹದಿನೈದು ಹಾಡು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ಮಾವ ಎಲ್ಲರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ ನೋಡಿ. ಇಂಟರ್ನೆಟ್‌ಗಿಂತ ಆ ಪಟ್ಟಿಯನ್ನು ನಾನು ಜಾಸ್ತಿ ನಂಬುತ್ತೇನೆ.

1990 ಅಂದರೆ ನನಗೆ 'ಮುತ್ತಿನ ಹಾರ' ಒಂದೇ ನೆನಪು. ಬೇರೆ ಊರಿನವರಿಗೆ ಅದು ಅಷ್ಟು ದೊಡ್ಡ ಹಿಟ್ ಅನ್ನಿಸುವುದಿಲ್ಲವಂತೆ. ನಮ್ಮದು ಬರೀ ಅಭಿಮಾನವಾ? (ವಿರಾಜಪೇಟೆ)

ಬರೀ ಅಭಿಮಾನ ಅಲ್ಲ. ಆದರೆ ಆ ವರ್ಷಗಳಲ್ಲಿ ಸುತ್ತಮುತ್ತ ಏನೆಲ್ಲ ಇತ್ತು ಅಂತ ನೋಡಿದರೆ ಬೇರೆ ಊರಿನವರು ಹೇಳುವುದೂ ಅರ್ಥವಾಗುತ್ತದೆ. 1987ರಲ್ಲಿ 'ಪ್ರೇಮಲೋಕ' ಬಂದು ಹಂಸಲೇಖ ಅವರ ಹೆಸರು ಮನೆಮಾತಾಯಿತು. ಹಾಡು ಬರೆಯುವವರೂ ಅವರೇ, ರಾಗ ಹಾಕುವವರೂ ಅವರೇ. ಕಾಲೇಜು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಮಾತಾಡುವ ಹಾಗೆ ಸಾಲು ಇರುತ್ತಿತ್ತು. 1989ರಲ್ಲಿ ಉಪೇಂದ್ರಕುಮಾರ್ ಸಂಗೀತದ 'ನಂಜುಂಡಿ ಕಲ್ಯಾಣ' ಬಂತು. ಅದರಲ್ಲಿ ಮಂಜುಳಾ ಗುರುರಾಜ್ ಹಾಡಿದ 'ಒಳಗೆ ಸೇರಿದರೆ ಗುಂಡು' ಎಷ್ಟು ಓಡಿತು ಅಂದರೆ ಚಿಕ್ಕ ಮಕ್ಕಳೂ ಹಾಡಿ ಬೈಸಿಕೊಳ್ಳುತ್ತಿದ್ದರು. 1990ಕ್ಕೆ 'ಬಣ್ಣದ ಗೆಜ್ಜೆ'ಯ 'ಸ್ವಾತಿ ಮುತ್ತಿನ ಮಳೆಹನಿಯೆ'. 1991ಕ್ಕೆ 'ರಾಮಾಚಾರಿ', ಯೇಸುದಾಸ್ ಅವರ 'ನಮ್ಮೂರ ಯುವರಾಣಿ ಕಲ್ಯಾಣವಂತೆ'. ಆ ಹಾಡಿಲ್ಲದೆ ಮುಂದೆ ಎಷ್ಟೋ ವರ್ಷ ಮದುವೆ ಛತ್ರದ ಮೈಕೇ ಆನ್ ಆಗುತ್ತಿರಲಿಲ್ಲ. ಹಿಂದಿಯಿಂದ 'ಮೈನೆ ಪ್ಯಾರ್ ಕಿಯಾ' 1989ರ ಕೊನೆಗೆ, 'ಆಶಿಕಿ' 1990ಕ್ಕೆ. ಇಷ್ಟೆಲ್ಲದರ ನಡುವೆ ಒಬ್ಬ ಸೈನಿಕನ ಕಥೆಯ ಹಾಡುಗಳು ಬಂದವು. ಮೈಸೂರಿನವರಿಗೆ, ಹುಬ್ಬಳ್ಳಿಯವರಿಗೆ ಅದು ಹತ್ತರಲ್ಲಿ ಒಂದು.

ನಮಗೆ ಹಾಗಲ್ಲ. ರಾಜೇಂದ್ರ ಸಿಂಗ್ ಬಾಬು ನಿರ್ದೇಶನದ ಆ ಸಿನಿಮಾದಲ್ಲಿ ವಿಷ್ಣುವರ್ಧನ್ ಅವರ ಪಾತ್ರದ ಹೆಸರು ಅಚ್ಚಪ್ಪ. ನಮ್ಮ ಓಣಿಯಲ್ಲೇ ಇಬ್ಬರು ಅಚ್ಚಪ್ಪ ಇದ್ದರು, ಇಬ್ಬರೂ ಪಟಾಳಂನಲ್ಲಿದ್ದು ಬಂದವರು. ತೆರೆ ಮೇಲೆ ಆ ಹೆಸರು ಕೇಳಿದಾಗ ಮೈ ಜುಮ್ ಅಂದದ್ದು ನನಗೆ ಇವತ್ತೂ ಮರೆತಿಲ್ಲ. ಆ ಸಿನಿಮಾಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು.

ನಾನು ಆಗ ಒಂಬತ್ತನೇ ಕ್ಲಾಸು. ವಿರಾಜಪೇಟೆಯಿಂದ ಮಡಿಕೇರಿಗೆ ಬೆಳಗ್ಗೆ ಒಂದು ಪ್ರೈವೇಟ್ ಬಸ್ಸು. ಡ್ರೈವರ್ ಹಿಂದುಗಡೆ ಟೇಪ್ ರೆಕಾರ್ಡರ್, ಅದರ ಪಕ್ಕ ರಬ್ಬರ್ ಬ್ಯಾಂಡ್ ಸುತ್ತಿದ ಕ್ಯಾಸೆಟ್‌ಗಳು. ವಿರಾಜಪೇಟೆ ಬಿಡುವಾಗ ಹಾಕಿದ ಕ್ಯಾಸೆಟ್ಟಿನ ಒಂದು ಮಗ್ಗುಲು ಬೇತ್ರಿ ಸೇತುವೆ ದಾಟುವ ಹೊತ್ತಿಗೆ ಮುಗಿಯುತ್ತಿತ್ತು, ಮೂರ್ನಾಡಿಗೆ ಇನ್ನೊಂದು ಮಗ್ಗುಲು. ಮುಂದಿನ ಸೀಟಿನಲ್ಲಿ ಯಾವಾಗಲೂ ಒಬ್ಬರು ಅಜ್ಜ ಕೂರುತ್ತಿದ್ದರು. ಕರಿ ಕೋಟು, ಮಂಡಿಗಳ ನಡುವೆ ಕೊಡೆ. ಯಾರ ಹತ್ತಿರವೂ ಮಾತಿಲ್ಲ. 'ಮುತ್ತಿನ ಹಾರ'ದ 'ಮಡಿಕೇರಿ ಸಿಪಾಯಿ' ಶುರುವಾಗುತ್ತಿದ್ದ ಹಾಗೆ ಅವರ ಬೆನ್ನು ನೆಟ್ಟಗಾಗುತ್ತಿತ್ತು. ಕೊಡೆಯ ಹಿಡಿ ಮೇಲೆ ಎರಡು ಬೆರಳು ತಾಳ ಹಾಕುತ್ತಿದ್ದವು. ಹಾಡು ಮುಗಿದ ಮೇಲೆ ಮತ್ತೆ ಮೊದಲಿನ ಹಾಗೆ ಬಗ್ಗಿ ಕೂರುತ್ತಿದ್ದರು. ಒಂದು ದಿನ ಕಂಡಕ್ಟರ್ ಟಿಕೆಟ್ ಕೊಡಲು ಬಂದಾಗ ಅಜ್ಜ ಮೆಲ್ಲಗೆ 'ಇನ್ನೊಂದು ಸಲ ಹಾಕು' ಅಂದರು. ಕಂಡಕ್ಟರ್ ಒಂದು ಮಾತೂ ಆಡದೆ ಹೋಗಿ ರಿವೈಂಡ್ ಒತ್ತಿದ. ಟೇಪು ಕಿರ್ ಅಂತ ಹಿಂದೆ ಓಡುವಷ್ಟು ಹೊತ್ತೂ ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ.

ಅದೇ ಕ್ಯಾಸೆಟ್ಟಿನಲ್ಲಿ ಬಾಲಮುರಳಿಕೃಷ್ಣ ಹಾಡಿದ 'ದೇವರು ಹೊಸೆದ ಪ್ರೇಮದ ದಾರ' ಇದೆ. ಅದು ಬಂದಾಗ ಬಸ್ಸಿನ ಮಾತು ತಾನಾಗೇ ಇಳಿಯುತ್ತಿತ್ತು. ಅಷ್ಟು ದೊಡ್ಡ ಶಾಸ್ತ್ರೀಯ ಗಾಯಕರ ಕೈಲಿ ಸಿನಿಮಾಕ್ಕೆ ಹಾಡಿಸಬೇಕು ಅಂತ ಅದನ್ನು ಮಾಡಿದವರಿಗೆ ಅನ್ನಿಸಿತಲ್ಲ, ಅದು ಸರಿಯಾದ ಆಯ್ಕೆ. ಮಗನನ್ನು ಸೈನ್ಯಕ್ಕೆ ಕಳಿಸಿ ಕಾಗದಕ್ಕೆ ಕಾಯುವ ಮನೆಗಳು ಇರುವ ನಾಡು ಇದು. ಆ ಹಾಡಿನಲ್ಲಿರುವ ದುಃಖ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು. ರಾಜ್ಯದ ಲೆಕ್ಕದಲ್ಲಿ ಆ ಹೊತ್ತು 'ರಾಮಾಚಾರಿ'ಯದ್ದು, ರವಿಚಂದ್ರನ್ ಅವರದ್ದು. ಕೊಡಗಿನ ಲೆಕ್ಕದಲ್ಲಿ 'ಮುತ್ತಿನ ಹಾರ'. ಎರಡೂ ನಿಜ.

ಅದಕ್ಕಿಂತ ಮುಂಚೆ ಕೊಡಗಿನ ಹೆಸರಿದ್ದ ಹಿಟ್ ಹಾಡು ಇತ್ತಾ? (ನಾಪೋಕ್ಲು)

ಇತ್ತಲ್ಲ, 'ಕೊಡಗಿನ ಕಾವೇರಿ'! 1971ರ 'ಶರಪಂಜರ'. ಪುಟ್ಟಣ್ಣ ಕಣಗಾಲ್ ನಿರ್ದೇಶನ, ವಿಜಯಭಾಸ್ಕರ್ ಸಂಗೀತ, ತ್ರಿವೇಣಿಯವರ ಕಾದಂಬರಿ. ಅದೂ ದಶಕ ತಿರುಗಿದ ಹೊತ್ತೇ ನೋಡಿ. ನಮ್ಮ ಅಮ್ಮ ಈ ಹಾಡನ್ನು ಪೂರ್ತಿ ಬಾಯಿಪಾಠ ಹೇಳುತ್ತಿದ್ದರು, ಅದೂ ಅಕ್ಕಿ ಆರಿಸುವಾಗ.

'ಕೊಡಗಿನ ಕಾವೇರಿ', 'ಮಡಿಕೇರಿ ಸಿಪಾಯಿ' ಎರಡನ್ನೂ ಒಟ್ಟಿಗೆ ಇಟ್ಟು ಕೇಳಿದಾಗ ನನಗೆ ಒಂದು ವಿಷಯ ಕಾಣುತ್ತದೆ. 1971ರ ಹಾಡಿನಲ್ಲಿ ಕೊಡಗು ಅಂದರೆ ಹೊಸದಾಗಿ ಮದುವೆಯಾದವರು ಬಂದು ನೋಡಿ ಸಂತೋಷಪಡುವ ಜಾಗ. ಬೆಟ್ಟ, ಮಂಜು, ನದಿ. 1990ರ ಹಾಡಿನಲ್ಲಿ ಕೊಡಗು ಅಂದರೆ ಇಲ್ಲಿ ಹುಟ್ಟಿದ ಮನುಷ್ಯ. ನೋಡಲು ಬಂದವರ ಕಣ್ಣಿಂದ ಇಲ್ಲಿನವರ ಎದೆಗೆ ಬರಲು ಕನ್ನಡ ಸಿನಿಮಾ ಹಾಡಿಗೆ ಸುಮಾರು 20 ವರ್ಷ ಬೇಕಾಯಿತು. ಆಮೇಲೆ ಮತ್ತೆ ಬೆಟ್ಟ, ಮಂಜು, ಮಳೆಗೇ ಹೋದರು ಅನ್ನುವುದು ನನ್ನ ಬೇಸರ.

ಕೊಡವ ತಕ್ಕ್‌ನ ಸಿನಿಮಾ 'ನಾಡ ಮಣ್ಣ್ ನಾಡ ಕೂಳ್' 1972ರಲ್ಲೇ ಬಂದಿತ್ತು. ಆದರೆ ಕೊಡವ ಭಾಷೆಯಲ್ಲಿ ಹಾಡು ಅಂದರೆ ಇವತ್ತಿಗೂ ಮೊದಲು ನೆನಪಾಗುವುದು ಸಿನಿಮಾ ಅಲ್ಲ, ದುಡಿ ಹಿಡಿದು ನಾಲ್ಕು ಜನ ಹೇಳುವ ಪಾಟ್. ಅದಕ್ಕೆ ದಶಕದ ಲೆಕ್ಕ ಸಾಲುವುದಿಲ್ಲ.

ಶಂಕರ್‌ನಾಗ್ ಸತ್ತದ್ದು 1990ರಲ್ಲಿ. ಅವರ ಸಿನಿಮಾದ ಹಾಡುಗಳು ಹಿಟ್ ಆಗಿದ್ದು ಯಾವಾಗ? ನಮ್ಮ ಆಟೋ ಸ್ಟ್ಯಾಂಡಿನಲ್ಲಿ ದಿನಾ ಚರ್ಚೆ. (ಸುಂಟಿಕೊಪ್ಪ)

ಸರಿಯಾಗಿ ಹಿಂದಿನ ತಿರುವಿನಲ್ಲಿ. 'ಆಟೋರಾಜ' 1980. ರಾಜನ್–ನಾಗೇಂದ್ರ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯಲ್ಲಿ 'ನಲಿವಾ ಗುಲಾಬಿ ಹೂವೆ'. ಅದೇ 1980ರಲ್ಲಿ ಅವರೇ ನಿರ್ದೇಶಿಸಿದ 'ಜನ್ಮ ಜನ್ಮದ ಅನುಬಂಧ', ಇಳಯರಾಜ ಸಂಗೀತ, ಎಸ್. ಜಾನಕಿ ಹಾಡಿದ 'ತಂಗಾಳಿಯಲ್ಲಿ ನಾನು ತೇಲಿ ಬಂದೆ'. ಮರುವರ್ಷ 'ಗೀತಾ', ಅದರಲ್ಲಿ 'ಜೊತೆಯಲಿ ಜೊತೆಜೊತೆಯಲಿ'. ಎರಡು ವರ್ಷದೊಳಗೆ ಇಷ್ಟು! ಮೂರಕ್ಕೂ ಆಟೋ ಸ್ಟ್ಯಾಂಡಿನಲ್ಲಿ ಜಾಗ ಇದೆ, ಜಗಳ ಬೇಡ.

ಆ ಹೊತ್ತಿಗೆ ಕನ್ನಡದ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗುತ್ತಿದ್ದದ್ದು ಮದ್ರಾಸಿನಲ್ಲಿ. ಬೆಂಗಳೂರಿನಲ್ಲೇ ಆಗಬೇಕು ಅಂತ ಹಟ ಹಿಡಿದು ಸಂಕೇತ್ ಸ್ಟುಡಿಯೋ ಕಟ್ಟಿದವರು ಶಂಕರ್‌ನಾಗ್. 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತ. ಆ ದಿನ ನಮ್ಮ ಮನೆಯಲ್ಲಿ ರೇಡಿಯೋ ವಾರ್ತೆ ಕೇಳಿ ಅಣ್ಣ ಊಟ ಬಿಟ್ಟು ಎದ್ದು ಹೋದ. ನನಗೆ ಎಂಬತ್ತರ ದಶಕ ಮುಗಿದದ್ದು ಆ ದಿನ. ಕ್ಯಾಲೆಂಡರ್ ಏನೇ ಹೇಳಲಿ.

ನಮ್ಮ ಕಡೆ ಆಗ ಕನ್ನಡಕ್ಕಿಂತ ಮಲಯಾಳಂ ಹಾಡೇ ಜಾಸ್ತಿ ಕೇಳುತ್ತಿದ್ದೆವು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಾ? (ಕುಟ್ಟ)

ಖಂಡಿತ. ಕುಟ್ಟದಲ್ಲಿ ನಿಂತರೆ ಆಚೆ ವಯನಾಡು. ಮೀಡಿಯಂ ವೇವ್ ರೇಡಿಯೋ ರಾತ್ರಿ ಹೊತ್ತು ಜಾಸ್ತಿ ದೂರ ಬರುತ್ತದೆ, ಸೂರ್ಯ ಮುಳುಗಿದ ಮೇಲೆ ಕೇರಳದ ಸ್ಟೇಷನ್‌ಗಳೆಲ್ಲ ನಿಮ್ಮ ಅಂಗಳಕ್ಕೇ ಬಂದ ಹಾಗೆ ಇರುತ್ತಿತ್ತು ಅಲ್ವಾ? ನಿಮ್ಮ 1990 ಅಂದರೆ 'ಹಿಸ್ ಹೈನೆಸ್ ಅಬ್ದುಲ್ಲಾ' ಅಂತ ಬರೆದಿದ್ದೀರಿ. ಅದರ ಹಾಡಿಗೆ ಎಂ.ಜಿ. ಶ್ರೀಕುಮಾರ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದಿತ್ತು, ಒಳ್ಳೆಯ ಆಯ್ಕೆ.

2000 ಬಂದಾಗ ನಾನು ಪಿಯುಸಿ. ಆ ಸಮಯದ ಹಾಡುಗಳ ಬಗ್ಗೆ ಯಾರೂ ಬರೆಯುವುದೇ ಇಲ್ಲ ಯಾಕೆ? (ಕುಶಾಲನಗರ)

ಬರೆಯಬೇಕಾದವರು ಈಗ ನಿಮ್ಮ ವಯಸ್ಸಿನವರು, ಮಕ್ಕಳ ಫೀಸು ಕಟ್ಟುವುದರಲ್ಲಿ ಮುಳುಗಿದ್ದೀರಿ! ಒಳ್ಳೆಯ ಹಾಡು ಬೇಕಾದಷ್ಟು ಇದ್ದವು. 2000ದ 'ಸ್ಪರ್ಶ'ದಲ್ಲಿ ಗಜಲ್ ಗಾಯಕ ಪಂಕಜ್ ಉಧಾಸ್ ಹಾಡಿದ 'ಚಂದಕಿಂತ ಚಂದ'. ಅವರ ಕನ್ನಡದ ಉಚ್ಚಾರ ಸ್ವಲ್ಪ ಆಚೆ ಈಚೆ ಆದರೂ ದನಿಯ ಮೆದುತನ ಆ ಹಾಡಿಗೆ ಹೊಂದಿಕೊಂಡಿತು. ಉಪೇಂದ್ರ ಅವರ ಸಿನಿಮಾಗಳಿಂದ ಗುರುಕಿರಣ್ ಬಂದರು, 2001ರ 'ಚಿತ್ರ'ದ ಹಾಡುಗಳು ಕಾಲೇಜು ಡೇಗಳಲ್ಲಿ ಕುಣಿಸಿದವು. ಅದೇ ವರ್ಷ 'ಹುಚ್ಚ', ರಾಜೇಶ್ ಕೃಷ್ಣನ್ ಹಾಡಿದ 'ಉಸಿರೆ ಉಸಿರೆ'. 2000ದ ಡಿಸೆಂಬರ್‌ನಲ್ಲಿ 'ಯಜಮಾನ', ರಾಜೇಶ್ ರಾಮನಾಥ್ ಸಂಗೀತ. ಅದರ 'ಪ್ರೇಮ ಚಂದ್ರಮ' ನಮ್ಮಲ್ಲಿ ಎರಡು ಪಟ್ಟು ಓಡಿತು. ನಾಯಕಿ ಪ್ರೇಮಾ ಕೊಡಗಿನ ಹುಡುಗಿ ತಾನೆ.

ಹಾಡು ತಲುಪುವ ದಾರಿಯೂ ಆಗ ಬದಲಾಗಿತ್ತು. ಕ್ಯಾಸೆಟ್ ಇನ್ನೂ ಇತ್ತು, ಸಿ.ಡಿ. ಬರುತ್ತಿತ್ತು, ಉದಯ ಟಿವಿಯಲ್ಲಿ ಹಾಡನ್ನು ನೋಡುವುದು ಅಭ್ಯಾಸವಾಗಿತ್ತು, ಮಡಿಕೇರಿ ಆಕಾಶವಾಣಿಯ 103.1 ಮನೆಯವರ ಹಾಗೆ ಬೆಳಗ್ಗೆ ಮಾತಾಡಿಸುತ್ತಿತ್ತು. ಎಫ್‌ಎಂ ನೇರ ದಾರಿಯಲ್ಲಿ ಹೋಗುವುದು, ಬೆಟ್ಟ ಅಡ್ಡ ಬಂದರೆ ಸಿಗುವುದಿಲ್ಲ. ಒಂದು ತಿರುವಿನಲ್ಲಿ ಹಾಡು ಹೋಗುತ್ತಿತ್ತು, ಮುಂದಿನ ತಿರುವಿನಲ್ಲಿ ಅದೇ ಹಾಡಿನ ಕೊನೆಯ ಸಾಲು ಸಿಗುತ್ತಿತ್ತು. ನನ್ನ ಅನಿಸಿಕೆ ಕೇಳಿದರೆ, ಹಾಡಿನಲ್ಲಿ ದಶಕ ತಿರುಗುವುದು ಇಸವಿಯಿಂದ ಅಲ್ಲ, ಹೀಗೆ ಕೇಳುವ ಪೆಟ್ಟಿಗೆ ಬದಲಾದಾಗ. 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ, ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ. ಅಲ್ಲಿಂದ ಕವಿತೆಯೂ ಅಡುಗೆಮನೆಗೆ ಬಂತು. ನನ್ನ ಮಟ್ಟಿಗೆ ಎಂಬತ್ತರ ದಶಕ ಶುರುವಾದದ್ದೇ ಆ ಕ್ಯಾಸೆಟ್ಟಿನಿಂದ.

2000ದ ನವೆಂಬರ್‌ನಲ್ಲಿ ರಾಜನ್–ನಾಗೇಂದ್ರ ಜೋಡಿಯ ನಾಗೇಂದ್ರ ಹೋದರು. ಆ ವರ್ಷದ ಹೊಸ ಹಾಡುಗಳ ಗದ್ದಲದಲ್ಲಿ ಅದು ಸಲ್ಲಬೇಕಾದಷ್ಟು ಸುದ್ದಿಯಾಗಲಿಲ್ಲ ಅಂತ ನನಗೆ ಈಗಲೂ ನೋವಿದೆ.

'ಮುಂಗಾರು ಮಳೆ'ಯನ್ನು ಈ ಪಟ್ಟಿಗೆ ಸೇರಿಸಿ, ಪ್ಲೀಸ್. ಅದು ನಮ್ಮೂರ ಸಿನಿಮಾ. (ಪೊನ್ನಂಪೇಟೆ)

ಆಗುವುದಿಲ್ಲ. ಬಿಡುಗಡೆ 2006ರ ಡಿಸೆಂಬರ್ 29, ದಶಕದ ನಡುಮಧ್ಯ. ಆದರೆ ಒಂದು ಮಾತು ಒಪ್ಪುತ್ತೇನೆ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ 'ಅನಿಸುತಿದೆ ಯಾಕೋ ಇಂದು', ಇದರ ಗುಂಗಿನಿಂದ 2010 ಬಂದರೂ ಯಾರೂ ಹೊರಗೆ ಬಂದಿರಲಿಲ್ಲ. 2010ರಲ್ಲಿ ಪುನೀತ್ ಅವರ 'ಜಾಕಿ' ಬಂದು, ಹರಿಕೃಷ್ಣ ಅವರ ಸಂಗೀತಕ್ಕೆ ಕೈಲಾಶ್ ಖೇರ್ 'ಎಕ್ಕ ರಾಜ ರಾಣಿ' ಅಂದಾಗಲೇ ಆ ಮಳೆ ಸ್ವಲ್ಪ ಬಿಟ್ಟದ್ದು.

ಮನೆಯಲ್ಲಿ ನೂರಕ್ಕೂ ಜಾಸ್ತಿ ಹಳೇ ಕ್ಯಾಸೆಟ್ ಇವೆ. ಎಲ್ಲ ಬೂಷ್ಟು ಹಿಡಿದಿವೆ. ಎಸೆಯಲು ಮನಸ್ಸಿಲ್ಲ. ಏನು ಮಾಡಲಿ? (ಗೋಣಿಕೊಪ್ಪ)

ಎಸೆಯಬೇಡಿ. ಹಾಗೇ ಪ್ಲೇಯರ್‌ಗೂ ಹಾಕಬೇಡಿ, ಇದು ಮುಖ್ಯ. ಬೂಷ್ಟು ಹಿಡಿದ ಟೇಪು ಓಡಿದರೆ ಆ ಪುಡಿ ಪ್ಲೇಯರಿನ ಹೆಡ್‌ಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹೋಗುತ್ತದೆ. ನಮ್ಮ ಜೂನ್–ಸೆಪ್ಟೆಂಬರ್ ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುತ್ತದೆ, ಟೇಪನ್ನು ಬಿಡುತ್ತದೆಯೇ? ನಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೆವು, ಬೆಚ್ಚಗಿರಲಿ ಅಂತ. ಅದೂ ತಪ್ಪು. ಹೊಗೆ, ಬಿಸಿ ಎರಡೂ ಟೇಪಿಗೆ ಆಗುವುದಿಲ್ಲ.

ಬೇಸಿಗೆಯಲ್ಲಿ ಒಂದು ಒಣ ದಿನ ನೋಡಿ ಕೂತುಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ನೋಡಿ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಚುಕ್ಕೆ, ಹತ್ತಿಯ ಎಳೆಯಂತೆ ಕಾಣುತ್ತದೆ. ಅಂಥವನ್ನು ಬೇರೆ ಇಡಿ. ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿ ನೋಡಿ, ಅಂಟಿಕೊಂಡಿದೆ ಅನ್ನಿಸಿದರೆ ಬಲವಂತ ಬೇಡ. ಮೂಲೆಗಳಲ್ಲಿ ಸ್ಕ್ರೂ ಇದ್ದರೆ ಬಿಚ್ಚಬಹುದು. ಆಗ ಎರಡು ಚಕ್ರವನ್ನೂ ಹಾಗೇ ಎತ್ತಿ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ಅಂಚು ಒರೆಸಿ, ಬೇರೆ ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿ. ಟೇಪು ಹೆಡ್‌ಗೆ ಒತ್ತಿಕೊಳ್ಳುವ ಕಡೆ ಸಣ್ಣ ಫೆಲ್ಟ್ ತುಂಡು ಇರುತ್ತದೆ. ಹಳೆಯದರಲ್ಲಿ ಅದೇ ಬಿದ್ದುಹೋಗಿರುತ್ತದೆ, ಹಾಡು ದೂರದಿಂದ ಬಂದ ಹಾಗೆ ಕೇಳುವುದು ಅದಕ್ಕೇ. ಪ್ರತಿ ಕ್ಯಾಸೆಟ್ ಆದ ಮೇಲೆ ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಲ್ಲಿ ಒರೆಸಿ.

ಎಲ್ಲವನ್ನೂ ಉಳಿಸುವ ಅಗತ್ಯ ಇಲ್ಲ. ಸಿನಿಮಾ ಕ್ಯಾಸೆಟ್ಟಿನ ಹಾಡು ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಮೊದಲು ಹುಡುಕಬೇಕಾದದ್ದು ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್. ಮಗುವಿನ ಮಾತು, ಸುಗ್ಗಿ ಹಬ್ಬ ಪುತ್ತರಿಯ ದಿನದ ಪಾಟ್, ಊರಿಂದ ಕಳಿಸಿದ 'ದನಿಯ ಕಾಗದ'. ಅಂಥದ್ದು ಸಿಕ್ಕ ಕೂಡಲೇ ಮೇಲ್ಗಡೆ ಅಂಚಿನ ಎರಡು ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಮತ್ತೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡಲಾಗುವುದಿಲ್ಲ. ಆಮೇಲೆ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರ್‌ಗೆ ಒಂದು ಕೇಬಲ್ ಹಾಕಿ ಕಾಪಿ ಮಾಡಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅವಸರ ಮಾಡಲು ದಾರಿ ಇಲ್ಲ.

ದಯವಿಟ್ಟು ಈ ಕೆಲಸ ನೀವೇ ಮಾಡಿ, ಇಲ್ಲಾ ನಂಬಿಕೆಯವರ ಕೈಲಿ ಎದುರು ಕೂತು ಮಾಡಿಸಿ. ಅಮ್ಮ ಹಾಡಿದ್ದ ಒಂದು ಕ್ಯಾಸೆಟ್ ನನ್ನ ಹತ್ತಿರ ಇತ್ತು. ಸಿ.ಡಿ. ಮಾಡಿಸಲು ಒಂದು ಅಂಗಡಿಗೆ ಕೊಟ್ಟೆ. 15 ದಿನ ಬಿಟ್ಟು ಹೋದಾಗ ನನ್ನ ಕೈಗೆ ಬಂದದ್ದು ಬೇರೆ ಯಾರದೋ ಗೃಹಪ್ರವೇಶದ ಕ್ಯಾಸೆಟ್. ನಮ್ಮದು ಯಾರ ಕೈ ಸೇರಿತೋ, ಕಸಕ್ಕೆ ಹೋಯಿತೋ. ಅಂಗಡಿಯವರು ಹುಡುಕಿದರು, ಸಿಗಲಿಲ್ಲ. ಅದರಲ್ಲಿ ಅಮ್ಮ 'ಕೊಡಗಿನ ಕಾವೇರಿ' ಹಾಡಿ, ನಡುವೆ ನಿಲ್ಲಿಸಿ, 'ಹಾಲು ಉಕ್ಕಿತೇನೋ ನೋಡು' ಅಂದಿದ್ದರು. ಆ ಮಾತು ಈಗ ನನ್ನ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

2020ರ ಹಾಡುಗಳು ಮೂರು ತಿಂಗಳೂ ನೆನಪಲ್ಲಿ ಉಳಿಯುವುದಿಲ್ಲ ಅಂತ ನಾನು, ನಿಮ್ಮ ಕಾಲದ ಹಾಡು ಬೋರು ಅಂತ ಮಗಳು. ತೀರ್ಪು ಕೊಡಿ. (ಮಡಿಕೇರಿಯ ತಾಯಿ)

ಮಗಳ ಪರವಾಗಿ ಸ್ವಲ್ಪ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

2020ರ ಶುರುವಿನಲ್ಲಿ ಎರಡು ಚಿಕ್ಕ ಸಿನಿಮಾ ಬಂದವು. ಜನವರಿ ಕೊನೆಗೆ 'ಲವ್ ಮಾಕ್ಟೇಲ್', ರಘು ದೀಕ್ಷಿತ್ ಸಂಗೀತ. ಫೆಬ್ರವರಿಯಲ್ಲಿ 'ದಿಯಾ', ಅಜನೀಶ್ ಲೋಕನಾಥ್ ಸಂಗೀತ. ಮಾರ್ಚ್‌ನಲ್ಲಿ ಎಲ್ಲ ಬಂದ್. ಥಿಯೇಟರ್ ಇಲ್ಲ, ಮದುವೆ ಆರ್ಕೆಸ್ಟ್ರಾ ಇಲ್ಲ, ಬಸ್ಸೇ ಇಲ್ಲ. ಏಪ್ರಿಲ್‌ನಲ್ಲಿ 'ಪೊಗರು' ಸಿನಿಮಾದ 'ಖರಾಬು' ಯೂಟ್ಯೂಬ್‌ಗೆ ಬಂತು, ಚಂದನ್ ಶೆಟ್ಟಿ ಸಂಗೀತ. ಸಿನಿಮಾ ಬಂದದ್ದು 2021ರ ಫೆಬ್ರವರಿಗೆ. ಹತ್ತು ತಿಂಗಳು ಸಿನಿಮಾ ಇಲ್ಲದೆ ಹಾಡೊಂದೇ ಓಡಿತು! ನನಗೆ ಆ ಹಾಡಿನ ಮಾತು ಹಿಡಿಸಲಿಲ್ಲ, ಹುಡುಗಿಯ ಹಿಂದೆ ಬಿದ್ದು ಸತಾಯಿಸುವುದನ್ನು ಕುಣಿಯುವ ಹಾಡು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದು ಹಿಟ್ ಅಲ್ಲ ಅನ್ನಲಾರೆ.

ನಿಮ್ಮ ಮಗಳ ವಯಸ್ಸಿನ ಮಕ್ಕಳು ಆ ವರ್ಷ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಆನ್‌ಲೈನ್ ಕ್ಲಾಸು ಕೇಳಿದವರು. ನನ್ನ ಅಣ್ಣನ ಮಗಳೂ ಹಾಗೇ. ಕ್ಲಾಸು ಮುಗಿದ ಮೇಲೆ ಅಲ್ಲೇ ಬಂಡೆ ಮೇಲೆ ಕೂತು ಎರಡು ಹಾಡು ಕೇಳಿ ಇಳಿದು ಬರುತ್ತಿದ್ದಳು, ಮನೆಯಲ್ಲಿ ಸಿಗ್ನಲ್ ಇಲ್ಲ. ಒಬ್ಬಳೇ, ಕಿವಿಗೆ ಇಯರ್‌ಫೋನ್. ನಮ್ಮ ಬಸ್ಸಿನಲ್ಲಿ 40 ಜನ ಒಂದೇ ಹಾಡು ಕೇಳುತ್ತಿದ್ದೆವು, ಅದಕ್ಕೇ ಆ ಹಾಡು ಎಲ್ಲರಿಗೂ ನೆನಪಿದೆ. ಇವರದ್ದು ಒಬ್ಬೊಬ್ಬರಿಗೆ ಒಂದೊಂದು. ನೆನಪು ಇರುತ್ತದೆ, ಆದರೆ ಪಕ್ಕದವರಿಗೆ ಗೊತ್ತಿರುವುದಿಲ್ಲ. ಇನ್ನು 20 ವರ್ಷ ಬಿಟ್ಟು ಅವಳಿಗೆ ಆ ಬಂಡೆ, ಆ ಮಳೆ ನೆನಪಾದಾಗ ಯಾವ ಹಾಡು ಬಾಯಿಗೆ ಬರುತ್ತದೋ ಅದು ಅವಳ ಹಿಟ್.

ನಿಮ್ಮ ಮಾತಿನಲ್ಲೂ ನಿಜ ಇದೆ. ಆ ವರ್ಷ ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ಹೋದರು, ಅಕ್ಟೋಬರ್‌ನಲ್ಲಿ ರಾಜನ್ ಹೋದರು. 1967ರಲ್ಲಿ 'ನಕ್ಕರೆ ಅದೇ ಸ್ವರ್ಗ'ಕ್ಕೆ ಹಾಡಿ ಕನ್ನಡಕ್ಕೆ ಬಂದ ದನಿ ಎಸ್‌ಪಿಬಿ ಅವರದ್ದು. ಎಪ್ಪತ್ತು, ಎಂಬತ್ತು, ತೊಂಬತ್ತು, ಎರಡು ಸಾವಿರ, ಯಾವ ತಿರುವಿನಲ್ಲಿ ನಿಂತು ಕಿವಿಗೊಟ್ಟರೂ ಅವರು ಇದ್ದರು. ಆ ವಾರ ನಮ್ಮ ಬೀದಿಯಲ್ಲಿ ಒಂದೊಂದು ಮನೆಯಿಂದ ಒಂದೊಂದು ಹಾಡು ಕೇಳುತ್ತಿತ್ತು, ಎಲ್ಲ ಅವರದ್ದೇ. ಮಕ್ಕಳೂ ಇಯರ್‌ಫೋನ್ ತೆಗೆದಿದ್ದರು.

ಮುಂದಿನ ತಿಂಗಳು ಮಗನ ಮದುವೆ. ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರಿಗೂ ಹಿಡಿಸುವ ಹಾಗೆ ಆರ್ಕೆಸ್ಟ್ರಾದವರಿಗೆ ಹಾಡಿನ ಪಟ್ಟಿ ಕೊಡಬೇಕು. ಸಹಾಯ ಮಾಡಿ. (ಶ್ರೀಮಂಗಲ)

ಮೊದಲು ಶುಭ ಹಾರೈಕೆ. ಆರ್ಕೆಸ್ಟ್ರಾ ಎಷ್ಟು ಗಂಟೆಗೆ ಶುರು ಅಂತ ಬರೆದಿಲ್ಲ. ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಗಂಗೆಪೂಜೆ ಮುಗಿಯುವವರೆಗೆ ಮೈಕ್ ಆನ್ ಮಾಡಿಸಬೇಡಿ. ಹುಡುಗಿ ತಲೆ ಮೇಲೆ ನೀರಿನ ಕೊಡ ಹೊತ್ತು ಹೆಜ್ಜೆ ಹೆಜ್ಜೆಯಾಗಿ ಬರುವಾಗ, ಎದುರಿಗೆ ನೆಂಟರೆಲ್ಲ ದಾರಿ ಬಿಡದೆ ಕುಣಿಯುವಾಗ, ಅಲ್ಲಿ ವಾಲಗ ಬಿಟ್ಟರೆ ಬೇರೆ ಸದ್ದು ಇರಬಾರದು. ಈಚೆಗೆ ಎರಡು ಮದುವೆಯಲ್ಲಿ ನೋಡಿದೆ, ಆ ಕಡೆ ಡಿಜೆ, ಈ ಕಡೆ ವಾಲಗ. ವಾಲಗದವರು ಊದಿ ಊದಿ ಸುಸ್ತಾದರು, ಯಾರಿಗೂ ಕೇಳಲಿಲ್ಲ. ನೋಡಿ ಸಂಕಟವಾಯಿತು.

ಅದಾದ ಮೇಲೆ ನಿಮ್ಮಿಷ್ಟ. ಅಜ್ಜಿ ಕೂತಿರುವಾಗಲೇ 'ಕೊಡಗಿನ ಕಾವೇರಿ' ಹಾಡಿಸಿ, ರಾತ್ರಿ ಜಾಸ್ತಿಯಾದರೆ ಅವರು ಮಲಗಿಬಿಡುತ್ತಾರೆ. ನಿಮ್ಮ ವಯಸ್ಸಿನವರಿಗೆ 'ನಲಿವಾ ಗುಲಾಬಿ ಹೂವೆ', 'ತಂಗಾಳಿಯಲ್ಲಿ'. 'ನಮ್ಮೂರ ಯುವರಾಣಿ' ಬಿಡಲು ಆಗುವುದಿಲ್ಲ, ಬಿಟ್ಟರೆ ಜನ ಬಿಡುವುದಿಲ್ಲ. ಊಟದ ಹೊತ್ತಿಗೆ 'ಚಂದಕಿಂತ ಚಂದ', 'ಅನಿಸುತಿದೆ'. ಆಮೇಲೆ ಹುಡುಗರ ಕೈಗೆ ಕೊಟ್ಟುಬಿಡಿ, ಅವರೇ ನೋಡಿಕೊಳ್ಳುತ್ತಾರೆ. 'ಮಡಿಕೇರಿ ಸಿಪಾಯಿ' ಯಾವಾಗ ಅಂತ ನೀವೇ ಗುರುತು ಹಾಕಿ ಕೊಡಿ. ಪಟಾಳಂನಿಂದ ಬಂದ ಹಿರಿಯರು ಯಾರಾದರೂ ಇದ್ದರೆ ಅವರು ಎದ್ದು ಹೊರಡುವ ಮುಂಚೆ ಇರಲಿ. ಆರ್ಕೆಸ್ಟ್ರಾದವರಿಗೆ ಆ ಹಾಡು ಬರುತ್ತದಾ ಅಂತ ಈಗಲೇ ಫೋನ್ ಮಾಡಿ ಕೇಳಿಕೊಳ್ಳಿ.